ಚಳಿಗೆ ಕುಗ್ಗಿದ ಚೆಂಡು

ಆಗೆಲ್ಲ ಮಾರ್ಗಶಿರದ ಬೆಳಗು ಎಂದರೆ ಅವರೆಕಾಯಿ ಸೊಗಡು, ಆಲೆಮನೆ ಹೊಗೆ, ಬಿಸಿಲು ಬೀಳುವ ಮೊದಲೇ ಶುರುವಾಗುತ್ತಿದ್ದ ನಮ್ಮ ಥ್ರೋಬಾಲು. ಆತಗೂರಿನ ಕಡೆಯ ನಮ್ಮ ಹೈಸ್ಕೂಲಿನ ಹುಡುಗಿಯರಿಗೆ ಇದ್ದದ್ದು ಒಂದೇ ಚೆಂಡು. ಮದ್ದೂರಿನಲ್ಲಿ ಪಂದ್ಯವಿದ್ದ ವಾರ ಅದನ್ನು ನನ್ನ ಗೆಳತಿ ಜಯ ಜೋಪಾನ ಮಾಡಲು ಮನೆಗೆ ಒಯ್ದಿದ್ದಳು. ಬೆಳಿಗ್ಗೆ ತಂದಾಗ ಒತ್ತಿದರೆ ಹೆಬ್ಬೆರಳು ಒಳಗಿಳಿಯುವಷ್ಟು ಮೆತ್ತಗಾಗಿತ್ತು.

"ಗಾಳಿ ಬುಟ್ಟಿದೀಯ ಕಣೇ ನೀನು," ಎಂದಳು ನಮ್ಮ ಕ್ಯಾಪ್ಟನ್ ಸಾವಿತ್ರಿ.

"ನಾ ಮುಟ್ಟೇ ಇಲ್ಲ ಕಣಮ್ಮಿ. ಜಗಲಿ ಮೇಲೆ ಇಟ್ಟಿದ್ದೆ, ಅಷ್ಟೇಯ."

"ಸುಳ್ಳು ಏಳ್ಬೇಡ. ನಾಳೆಯಿಂದ ಆಟಕ್ಕೆ ಬರಬ್ಯಾಡ."

ಜಯ ಅಳಲಿಲ್ಲ. ಚೆಂಡನ್ನು ನೆಟ್ಟಿನ ಕಂಬದ ಬುಡದಲ್ಲಿಟ್ಟು ಕ್ಲಾಸಿಗೆ ಹೋದಳು. ಮಧ್ಯಾಹ್ನ ಊಟಕ್ಕೆ ಬಿಟ್ಟಾಗ ನೋಡಿದರೆ, ಬಿಸಿಲಿಗೆ ಕಾದ ಚೆಂಡು ಮತ್ತೆ ಗಟ್ಟಿಯಾಗಿತ್ತು. ಯಾರೂ ಪಂಪು ಹೊಡೆದಿರಲಿಲ್ಲ. ಅದನ್ನೆತ್ತಿಕೊಂಡು, ಇಬ್ಬರನ್ನೂ ಎಳೆದುಕೊಂಡು ನಾನು ವಿಜ್ಞಾನದ ಮೇಡಂ ಹತ್ತಿರ ಹೋದೆ.

ಮೇಡಂ ಖಾಲಿ ಬಾಟಲಿಯ ಬಾಯಿಗೆ ಬಲೂನು ಸಿಕ್ಕಿಸಿ ಬಿಸಿನೀರಿನಲ್ಲಿಟ್ಟರು. ಬಲೂನು ಎದ್ದು ನಿಂತಿತು. ತಣ್ಣೀರಿನಲ್ಲಿಟ್ಟಾಗ ಸೊರಗಿತು. "ಕಾದರೆ ಗಾಳಿ ಹಿಗ್ಗುತ್ತೆ, ತಣ್ಣಗಾದರೆ ಕುಗ್ಗುತ್ತೆ. ಜಯ ಏನೂ ಮಾಡಿಲ್ಲ."

ಸಾವಿತ್ರಿ ತಲೆ ತಗ್ಗಿಸಿದಳು. ಜಯಳ ಯೋಚನೆ ಆಗಲೇ ಮುಂದಕ್ಕೆ ಹೋಗಿತ್ತು. "ಇನ್ನೂ ಸಳಿ ಆದ್ರೆ? ಎಲ್ಲೀಗಂಟ ಕುಗ್ತದೆ ಮೇಡಂ?"

ಶಾಖ ಇಳಿದಂತೆ ಗಾಳಿಯ ಗಾತ್ರವೂ ಇಳಿಯುವುದನ್ನು ತೋರಿಸಲು ಮೇಡಂ ಬೋರ್ಡಿನ ಮೇಲೆ ಓರೆಗೆರೆ ಎಳೆದರು. ಬೋರ್ಡು ಮುಗಿದು ಗೆರೆ ಹಸಿರು ಗೋಡೆಗೂ ಹೋಯಿತು. "ಸೊನ್ನೆಗಿಂತ ಇನ್ನೂರ ಎಪ್ಪತ್ತಮೂರು ಡಿಗ್ರಿ ಕೆಳಗೆ, ಲೆಕ್ಕದ ಪ್ರಕಾರ ಗಾತ್ರವೇ ಉಳಿಯಲ್ಲ. ಅದು ನಿರಪೇಕ್ಷ ಶೂನ್ಯ. ಅದಕ್ಕಿಂತ ತಣ್ಣಗೆ ಯಾವುದೂ ಆಗಲ್ಲ."

"ಇದ್ದ ಗಾಳಿ ಎಲ್ಲಿಗೋಯ್ತದೆ?"

"ಅಲ್ಲಿಗೆ ಹೋಗೋ ಮೊದಲೇ ನೀರಿನ ಹಾಗೆ ದ್ರವ ಆಗಿಬಿಡುತ್ತೆ. ಆ ಶೂನ್ಯಾನ ಇನ್ನೂ ಯಾರೂ ಮುಟ್ಟಿಲ್ಲ."

"ಮುಟ್ಟದೇ ಎಂಗೆ ಗೊತ್ತಾಯ್ತು?"

ಮೇಡಂ ನಕ್ಕರು. "ಗೆರೆ ಎತ್ತ ಹೋಗ್ತಿದೆ ಅಂತ ನೋಡಿಯೇ."

ಸಂಜೆ ಸಾವಿತ್ರಿ ಮೊದಲ ಸರ್ವಿಸನ್ನು ಜಯಳಿಗೇ ಕೊಟ್ಟಳು. ಮನೆಗೆ ಹೋಗುವಾಗ ಕಬ್ಬಿನ ಗದ್ದೆಯ ಬದುವಿನುದ್ದಕ್ಕೂ ಮೂವರೂ ವಾದಿಸಿದೆವು. ಅಷ್ಟು ಚಳಿಯಲ್ಲಿ ಹೊಗೆ ಮೇಲೇಳುತ್ತದೆಯೇ? ಕೂಗಿದರೆ ಕೇಳುತ್ತದೆಯೇ?

ಮೊನ್ನೆ ಮದ್ದೂರು ಬಸ್ ಸ್ಟ್ಯಾಂಡಿನಲ್ಲಿ ಜಯ ಸಿಕ್ಕಿದ್ದಳು. ಮಕ್ಕಳ ಮಾರ್ಕ್ಸು, ಸೈಟಿನ ರೇಟು, ಮಂಡಿನೋವು ಎಲ್ಲ ವಿಚಾರಿಸಿಕೊಂಡೆವು. ಅವಳು ಮಳವಳ್ಳಿ ಬಸ್ಸು ಹತ್ತಿ ಹೋದ ಮೇಲೆ ಹೊಳೆಯಿತು: ಅಷ್ಟು ಹೊತ್ತು ಮಾತಾಡಿದರೂ, ಇಬ್ಬರಿಗೂ ಉತ್ತರ ಗೊತ್ತಿಲ್ಲದ ಒಂದೇ ಒಂದು ಪ್ರಶ್ನೆಯನ್ನೂ ನಾವು ಕೇಳಿಕೊಂಡಿರಲಿಲ್ಲ.