ಪ್ಯಾಂಟಿಲ್ಲದವನಿಗೆ ಓಟ ಮಾಫಿ

ಹುಡುಗರನ್ನು ಸೈನಿಕರನ್ನಾಗಿ ಮಾಡುವ ಆ ತರಬೇತಿ ಶಿಬಿರದಲ್ಲಿ ಮೈಗೆ ಸಂಬಂಧಪಟ್ಟವರು ಮೂವರಿದ್ದರು. ತೂಕ ನೋಡುವ ಡಾಕ್ಟರ್ ಸಾಹೇಬರು, ಓಡಿಸುವ ಡ್ರಿಲ್ ಸಾಹೇಬರು, ಸೊಂಟ ಅಳೆಯುವ ಟೈಲರ್ ಮಾಸ್ಟ್ರು. ಮೊದಲಿಬ್ಬರಿಗೆ ಕುರ್ಚಿ, ಭುಜದ ಮೇಲೆ ಪಟ್ಟಿ. ಮಾಸ್ಟ್ರಿಗೆ ಉಗ್ರಾಣದ ಹಿಂದಿನ ಕೋಣೆಯಲ್ಲೊಂದು ಸ್ಟೂಲು, ಕೊರಳಲ್ಲೊಂದು ಟೇಪು.

ಹತ್ತೊಂಬತ್ತು ವರ್ಷದಿಂದ ಮಾಸ್ಟ್ರು ನೋಡಿದ್ದು ಒಂದೇ ದೃಶ್ಯ. ಅಮ್ಮನ ಕೈತುತ್ತಿನಲ್ಲಿ ಬೆಳೆದ ಹೊಟ್ಟೆಗಳು ಬರುತ್ತವೆ, ಮೂರನೇ ವಾರಕ್ಕೆ ಪ್ಯಾಂಟು ಜಾರುತ್ತದೆ, ಬಾಗಿಲಲ್ಲಿ ಸಾಲು ನಿಲ್ಲುತ್ತದೆ. ಹಿಡಿದು ಹೊಲಿದಾಗಲೆಲ್ಲ ಸೊಂಟಪಟ್ಟಿಯ ಒಳಮಗ್ಗುಲಲ್ಲಿ ವಾರ ಎಷ್ಟು, ಇಂಚು ಎಷ್ಟು ಅಂತ ಪೆನ್ಸಿಲಿನಲ್ಲಿ ಬರೆದಿಡುತ್ತಿದ್ದರು. ಇಡೀ ಶಿಬಿರದಲ್ಲಿ ವರ್ಷವರ್ಷವೂ ಹಿಗ್ಗುತ್ತಿದ್ದ ಸೊಂಟ ಒಂದೇ, ಡ್ರಿಲ್ ಸಾಹೇಬರದು. “ಒಗೆದಾಗ ಬಟ್ಟೆ ಕುಗ್ಗಿದೆ ಸಾರ್” ಅಂತ ಮಾಸ್ಟ್ರು ಅದನ್ನೂ ಮರ್ಯಾದೆಯಾಗಿ ಬಿಚ್ಚಿ ಹೊಲಿದುಕೊಡುತ್ತಿದ್ದರು.

ಈ ಸಲದ ತಂಡದಲ್ಲಿ ಎಲ್ಲರಿಗಿಂತ ಎತ್ತರದ ಹುಡುಗನೊಬ್ಬನಿದ್ದ. ಜೊತೆಯವರು ಅವನನ್ನು ಏಣಿ ಅಂತ ಕರೆಯುತ್ತಿದ್ದರು. ಮೂರನೇ ವಾರ ಎರಡಿಂಚು ಹಿಡಿಸಿಕೊಂಡು ಹೋದವನು ಏಳನೇ ವಾರ ಬಿಚ್ಚಿಸಲು ಬಂದ.

“ಏನಪ್ಪಾ, ಅಡುಗೆಮನೆ ಬೀಗದಕೈ ಏನಾದ್ರೂ ಸಿಕ್ತಾ?” ಎಂದು ಮಾಸ್ಟ್ರು ನಕ್ಕರು.

ಒಂಬತ್ತನೇ ವಾರ ಮತ್ತೆ ಬಂದಾಗ ನಗು ಬರಲಿಲ್ಲ. ಕಾಲಿನ ಅಳತೆಗೆಂದು ಬಗ್ಗಿದರೆ, ಕಾಲುಚೀಲದ ಅಂಚು ಹಗ್ಗ ಬಿಗಿದಂತೆ ಮಾಂಸದೊಳಗೆ ಇಳಿದಿತ್ತು. ಹೆಬ್ಬೆರಳಿಂದ ಒತ್ತಿದರು. ಗುಳಿ ಬಿತ್ತು, ಬಿದ್ದದ್ದು ಏಳಲಿಲ್ಲ.

“ಜ್ವರ ಗಿರ ಬಂದಿತ್ತೇನೋ?”

“ಐದನೇ ವಾರ. ಎರಡು ಮಾತ್ರೆ ಕೊಟ್ರು, ಮೂರನೇ ದಿನ ಓಡಿಸಿದ್ರು.”

“ನಿದ್ದೆ?”

“ಅಂಗಾತ ಮಲಗಿದ್ರೆ ಉಸಿರು ಕಟ್ಟತ್ತೆ. ಬೂಟಿನ ಮೇಲೆ ದಿಂಬಿಟ್ಟು ಒರಗ್ತೀನಿ. ಯಾರ ಹತ್ರಾನೂ ಹೇಳ್ಬೇಡಿ ಮಾಸ್ಟ್ರೇ. ಶನಿವಾರದ ಓಟ ಒಂದು ಮುಗಿದ್ರೆ ನೌಕರಿ ಗಟ್ಟಿ.”

ಶನಿವಾರದ ಓಟವೆಂದರೆ ಬೆನ್ನಿಗೆ ಮೂಟೆ ಕಟ್ಟಿಕೊಂಡು ಹನ್ನೆರಡು ಕಿಲೋಮೀಟರ್.

ಮಾಸ್ಟ್ರ ಸ್ವಂತ ಅಣ್ಣನ ಪ್ಯಾಂಟನ್ನು ಒಂದೇ ತಿಂಗಳಲ್ಲಿ ಮೂರು ಸಲ ಬಿಚ್ಚಿದವರು ಅವರೇ. “ಅತ್ತಿಗೆ ಕೈಯಡುಗೆ ಮೈಗೆ ಹತ್ತಿದೆ” ಎಂದು ಗೇಲಿ ಮಾಡಿದವರೂ ಅವರೇ. ಅದು ಕೊಬ್ಬಲ್ಲ, ಗುಂಡಿಗೆ ಸೋತು ಮೈಯಲ್ಲಿ ನಿಂತ ನೀರು ಎಂದು ಆಸ್ಪತ್ರೆಯವರು ಹೇಳಿದ್ದು ಹೆಣ ಕೊಡುವಾಗ.

ಹುಡುಗನ ಮಾತು ಮೀರಿ ಅವರು ಡಾಕ್ಟರ್ ಸಾಹೇಬರ ಬಳಿ ಹೋದರು. ಸಾಹೇಬರು ರಿಜಿಸ್ಟರ್ ತಿರುಗಿಸಿದರು. ಸೇರುವಾಗ ಎಪ್ಪತ್ತೆರಡು ಕಿಲೋ, ಈಗಲೂ ಎಪ್ಪತ್ತೆರಡು. ಪಕ್ಕದಲ್ಲಿ ಹಸಿರು ಇಂಕಿನ ಗುರುತು.

“ಕೊಬ್ಬು ಕರಗಿದೆ, ಮಾಂಸಖಂಡ ಬೆಳೆದಿದೆ. ತರಬೇತಿ ಅಂದ್ರೆ ಇದೇ.”

“ಮಾಂಸಖಂಡ ಒತ್ತಿದ್ರೆ ಗುಳಿ ಬೀಳತ್ತಾ ಸಾರ್? ಒಂದ್ಸಲ ಇಸಿಜಿ ತೆಗೆದು ನೋಡ್ಬಹುದಿತ್ತು...”

“ಸೇರುವಾಗ ತೆಗೆದಾಗಿದೆ. ಟೇಪು ಹಿಡಿದವರೆಲ್ಲ ಡಾಕ್ಟರಾದ್ರೆ ನಾನು ಹೋಗಿ ಕಾಜಾ ಹೊಲೀಲಾ?”

ಅಲ್ಲಿನ ಪದ್ಧತಿ ಹಾಗಿತ್ತು. ಗುಂಡಿಗೆಯನ್ನು ಸೇರುವ ದಿನ ಒಮ್ಮೆ, ನಿವೃತ್ತಿಯ ದಿನ ಒಮ್ಮೆ ಕೇಳುತ್ತಾರೆ. ನಡುವಿನ ಅವಧಿಯಲ್ಲಿ ಅದು ಶಿಸ್ತಿನಿಂದ ಬಡಿದುಕೊಂಡಿರಬೇಕು.

ಡ್ರಿಲ್ ಸಾಹೇಬರ ಮುಂದೆ ಹೇಳಿದ್ದಂತೂ ಕೊಟ್ಟ ಕೋಲಿನಿಂದಲೇ ಹೊಡೆಸಿಕೊಂಡಂತಾಯಿತು. “ಹೊಟ್ಟೆ ಬಂದಿದೆಯಾ? ಹಾಗಾದ್ರೆ ಕದ್ದು ತಿಂತಿದಾನೆ. ಇವತ್ತಿಂದ ನಾಲ್ಕು ಸುತ್ತು ಜಾಸ್ತಿ ಓಡ್ಲಿ.” ಇಷ್ಟು ಹೇಳಲು ಅವರಿಗೇ ಎರಡು ಸಲ ಏದುಸಿರು ಬಂತು.

ಮನೆಯಲ್ಲಿ ಹೆಂಡತಿ ತಟ್ಟೆ ಇಡುತ್ತಾ ಅಂದಳು: “ಹೇಳೋದು ಹೇಳಾಯ್ತಲ್ಲ. ಇನ್ನು ನಿಮ್ಮ ಪಾಡಿಗೆ ನೀವು ಹೊಲೀರಿ.”

“ಹೊಲಿಯೋದೇ ಬೇಡ ಅಂತ ಕಾಣತ್ತೆ ಕಣೇ.”

ಶುಕ್ರವಾರ ಮಧ್ಯಾಹ್ನ ಏಣಿಯ ಎರಡೂ ಪ್ಯಾಂಟು ಅವರ ಮೇಜಿನ ಮೇಲಿದ್ದವು. ಸೊಂಟ ಮಾತ್ರ ಸಡಿಲಿಸಬೇಕಿತ್ತು. ಮಾಸ್ಟ್ರು ಬ್ಲೇಡು ಹಿಡಿದು ಕಾಲು ಬಿಚ್ಚಿದರು, ಜೇಬು ಬಿಚ್ಚಿದರು, ಆಸನ ಬಿಚ್ಚಿದರು. ಎರಡು ಪ್ಯಾಂಟು ಹೋಗಿ ಹದಿನಾರು ತುಂಡು ಬಟ್ಟೆಯಾಯಿತು.

ಶನಿವಾರ ಬೆಳಿಗ್ಗೆ ಏಣಿ ಹೊದಿಕೆ ಸುತ್ತಿಕೊಂಡು ಬಾಗಿಲಲ್ಲಿ ನಿಂತಿದ್ದ, ಹಿಂದೆ ಡ್ರಿಲ್ ಸಾಹೇಬರು.

“ಎಲ್ರೀ ಪ್ಯಾಂಟು?”

“ಮಿಷನ್ ಕೈಕೊಡ್ತು ಸಾರ್. ಸೋಮವಾರ ಆಗ್ಬಹುದು.”

“ಬೇರೆಯವರದು ಹಾಕ್ಕೊಳ್ಲಿ.”

“ಮೊಣಕಾಲಿಗೆ ನಿಲ್ಲತ್ತೆ ಸಾರ್. ಇವತ್ತು ದೊಡ್ಡ ಸಾಹೇಬ್ರು ನೋಡೋಕೆ ಬರ್ತಿದಾರಲ್ಲ.”

ಡ್ರಿಲ್ ಸಾಹೇಬರು ಏಣಿಯ ಹೊದಿಕೆಯನ್ನು ಮೇಲಿಂದ ಕೆಳಗಿನವರೆಗೆ ನೋಡಿದರು. ಕಾಯಿಲೆಯವನನ್ನು ಓಡಿಸಬಾರದೆಂಬ ನಿಯಮ ಅಲ್ಲಿ ಇರಲಿಲ್ಲ. ಸಮವಸ್ತ್ರವಿಲ್ಲದವನು ಮೈದಾನಕ್ಕೆ ಕಾಲಿಡಬಾರದೆಂಬ ನಿಯಮ ಮಾತ್ರ ಗೋಡೆಯ ಮೇಲೆ ಬರೆದಿತ್ತು. ಹಗಲು ಹೊತ್ತು ಬ್ಯಾರಕ್ಕಿನಲ್ಲಿ ಕೂರುವಂತೆಯೂ ಇಲ್ಲ. ಪ್ಯಾಂಟಿಲ್ಲದ ಮನುಷ್ಯನಿಗೆ ಇಡೀ ಶಿಬಿರದಲ್ಲಿ ಜಾಗವಿದ್ದದ್ದು ಒಂದೇ ಕಡೆ, ಆಸ್ಪತ್ರೆಯ ವಾರ್ಡಿನಲ್ಲಿ. ಅಲ್ಲಿಗೆ ಕಳಿಸಿದರು.

ವಾರ್ಡಿನ ಸಿಸ್ಟರಿಗೆ ಇನ್ನೊಂದು ಸಂಕಟ. ಹಾಸಿಗೆ ಕೊಟ್ಟರೆ ಕೇಸ್‌ಶೀಟ್ ಬರೆಯಬೇಕು. “ಪ್ಯಾಂಟಿಲ್ಲ ಅನ್ನೋದು ಯಾವ ಕಾಯಿಲೆನಪ್ಪಾ?” ಎಂದು ಗೊಣಗಿ, ಏನಾದರೊಂದು ಹಾಳೆ ಲಗತ್ತಿಸಬೇಕಲ್ಲ ಎಂದು ಎದೆಗೆ ತಂತಿ ಅಂಟಿಸಿದಳು. ಹಾಳೆಯಲ್ಲಿ ಬಂದ ಗೀಟು ನೋಡಿದವಳು ಗೊಣಗುವುದನ್ನು ಬಿಟ್ಟು ಫೋನಿಗೆ ಓಡಿದಳು. ಓಟದ ಸೀಟಿ ಊದುವ ಮೊದಲೇ ಏಣಿಯನ್ನು ಮಲಗಿಸಿಕೊಂಡ ವ್ಯಾನು ಗೇಟು ದಾಟಿತು.

ಜ್ವರ ಗುಂಡಿಗೆಗೆ ಇಳಿದಿತ್ತು; ಅದು ಊದಿಕೊಂಡಿತ್ತು. ಅರ್ಧ ದಾರಿ ಓಡಿದ್ದರೂ ಬಿದ್ದು ಸಾಯುತ್ತಿದ್ದ ಎಂದರು ದೊಡ್ಡಾಸ್ಪತ್ರೆಯವರು. “ಶಿಬಿರದ ವೈದ್ಯಕೀಯ ಎಚ್ಚರದಿಂದ ರೋಗ ಸಕಾಲದಲ್ಲಿ ಪತ್ತೆ” ಎಂದು ಡಾಕ್ಟರ್ ಸಾಹೇಬರು ವರದಿ ಬರೆದರು. ಸರ್ಕಾರಿ ಪ್ಯಾಂಟು ಸಕಾಲಕ್ಕೆ ಕೊಡದ ತಪ್ಪಿಗೆ ಮಾಸ್ಟ್ರಿಗೆ ಮೆಮೊ ಬಂತು.

ಹತ್ತು ದಿನ ಬಿಟ್ಟು ಮಾಸ್ಟ್ರು ನೋಡಲು ಹೋದರು. ನೀರಿಳಿದ ಹುಡುಗ ಕಡ್ಡಿಯಾಗಿದ್ದ. ದಿಂಬಿನ ಪಕ್ಕದಲ್ಲಿ ‘ಸೇವೆಗೆ ಅನರ್ಹ’ ಎಂಬ ಕಾಗದವಿತ್ತು.

“ಬೇಕಂತಲೇ ಬಿಚ್ಚಿದ್ರಾ?”

“ಹೂಂ.”

“ಯಾರಿಗೂ ಹೇಳ್ಬೇಡಿ ಅಂದಿದ್ದೆ ನಿಮಗೆ. ಮನೇಲಿ ಏನಂತ ಮುಖ ತೋರಿಸ್ಲಿ?” ಹುಡುಗ ಗೋಡೆಯ ಕಡೆ ತಿರುಗಿ ಮಲಗಿದ. “ಹೋಗಿ ಮಾಸ್ಟ್ರೇ. ನಿಮ್ಮನ್ನ ನೋಡಿದ್ರೆ ಮೈ ಉರಿಯತ್ತೆ.”

ಮಾಸ್ಟ್ರು ಹೋಗಲಿಲ್ಲ. ಹೊದಿಕೆಯ ತುದಿ ಸರಿಸಿ ಅವನ ಕಣಕಾಲನ್ನು ಹೆಬ್ಬೆರಳಿಂದ ಒತ್ತಿ, ಚರ್ಮ ಮೇಲೇಳುವುದನ್ನು ನೋಡುತ್ತಾ ಕೂತರು.