ದ್ಯಾವಯ್ಯನ ಮೂಗು

ದ್ಯಾವಯ್ಯ ಔಷಧಿ ಹೊಡೆಯುವ ಕೆಲಸಕ್ಕೆ ಬಿದ್ದದ್ದು ಹತ್ತೊಂಬತ್ತನೇ ವಯಸ್ಸಿನಲ್ಲಿ. ಈಗ ಅವನಿಗೆ ಅರವತ್ತೊಂದೋ ಅರವತ್ತಮೂರೋ. ಆಧಾರ್ ಕಾರ್ಡು ಒಂದು ಹೇಳುತ್ತದೆ, ಹೆಂಡತಿ ಮಾದಮ್ಮ ಇನ್ನೊಂದು ಹೇಳುತ್ತಾಳೆ. ರಾಮನಾಥಪುರದಿಂದ ಅರಕಲಗೂಡಿಗೆ ಹೋಗುವ ರಸ್ತೆಯಲ್ಲಿ ಬಸ್ಸಿಳಿದು ಒಂದು ಮೈಲಿ ಒಳಗೆ ನಡೆದರೆ ಅವನ ಊರು. ಅಲ್ಲಿ ಹೊಗೆಸೊಪ್ಪಿಗೆ ಹುಳ ಬೀಳಲಿ, ಆಲೂಗಡ್ಡೆಗೆ ಅಂಗಮಾರಿ ರೋಗ ಬರಲಿ, ಶುಂಠಿ ಕೊಳೆಯಲಿ, ಮೊದಲು ಹೇಳಿಕಳಿಸುತ್ತಿದ್ದುದು ಅವನಿಗೆ. ಸುಮಾರು ನಲವತ್ತು ವರ್ಷ ಬೆನ್ನಿಗೆ ಟ್ಯಾಂಕು ಕಟ್ಟಿಕೊಂಡು ಸಾಲು ಸಾಲು ನಡೆದ. ಮೈಮೇಲೆ ಒಂದು ಹಳೇ ಬನಿಯನ್ನು, ಬರಿಗಾಲು. ಮೂಗಿಗೊಂದು ಟವಲಾದರೂ ಕಟ್ಟಿಕೋ ಎಂದು ಯಾರಾದರೂ ಹೇಳಿದರೆ ನಗುತ್ತಿದ್ದ. ಮೂಗು ಕಟ್ಟಿಕೊಂಡರೆ ಅವನ ಕೆಲಸ ನಡೆಯಬೇಕಲ್ಲ.

ಯಾಕೆಂದರೆ ಅವನಿಗೆ ಹೆಸರು ಬಂದದ್ದೇ ಮೂಗಿನಿಂದ. ಡ್ರಮ್ಮಿನಲ್ಲಿ ಕಲೆಸಿದ ಔಷಧಿಯ ಮೇಲೆ ಒಮ್ಮೆ ಬಗ್ಗಿ ಎದ್ದರೆ ಸಾಕು, ಹೆಚ್ಚಾಯಿತೋ ಕಡಿಮೆಯಾಯಿತೋ ಹೇಳುತ್ತಿದ್ದ. ಬದುವಿನ ಮೇಲೆ ಹೋಗುತ್ತಲೇ, ಪಕ್ಕದ ಹೊಲಕ್ಕೆ ಏನು ಹೊಡೆದಿದ್ದಾರೆ, ನಿನ್ನೆಯದೋ ಮೊನ್ನೆಯದೋ ಎಂದು ಹೇಳುತ್ತಿದ್ದ. ಅಂಗಡಿಯಿಂದ ತಂದದ್ದು ಅಸಲಿಯೋ ಡೂಪ್ಲಿಕೇಟೋ ಎಂಬ ವಿಚಾರದಲ್ಲಂತೂ ಅವನೇ ಸುಪ್ರೀಂ ಕೋರ್ಟು. ರಾಮನಾಥಪುರದ ಸಂಪತ್ಕುಮಾರ ಮೇಷ್ಟ್ರು ರಿಟೈರಾದ ಮೇಲೆ ಹೊಗೆಸೊಪ್ಪಿಗೆ ಕೈಹಾಕಿದವರು. ಹೊಳೆನರಸೀಪುರಕ್ಕೋ ಚನ್ನರಾಯಪಟ್ಟಣಕ್ಕೋ ಔಷಧಿ ತರಲು ಹೊರಟರೆ ಅವರು ಊರಿನ ಬೇವಿನ ಮರದ ಹತ್ತಿರ ಕಾರು ನಿಲ್ಲಿಸಿ, ದ್ಯಾವಯ್ಯನನ್ನು ಮುಂದಿನ ಸೀಟಿನಲ್ಲಿ ಕೂರಿಸಿಕೊಳ್ಳುತ್ತಿದ್ದರು. ದ್ಯಾವಯ್ಯನ ಅಪ್ಪ ಆ ಮೇಷ್ಟ್ರ ಅಪ್ಪನ ಜೊತೆ ಮಾತಾಡಬೇಕಾದರೆ ಅಂಗಳದಿಂದಾಚೆ ನಿಲ್ಲಬೇಕಾಗಿತ್ತು. ಹಾಗಿರುವಾಗ ಮುಂದಿನ ಸೀಟಿನ ಬೆಲ್ಟು ಎಳೆದು ಹಾಕಿಕೊಳ್ಳುವ ಆ ಗಳಿಗೆಯಲ್ಲಿ ಅವನಿಗಾಗುತ್ತಿದ್ದ ಸಂತೋಷವನ್ನು ಯಾರೂ ಹಗುರವಾಗಿ ನೋಡಬಾರದು.

ಊರಿನಲ್ಲಿ ಇನ್ನೊಂದು ಅಭ್ಯಾಸವೂ ಬೆಳೆದಿತ್ತು. ಔಷಧಿ ಬರುವ ಐದು ಲೀಟರಿನ ಕ್ಯಾನು ಗಟ್ಟಿ ಪ್ಲಾಸ್ಟಿಕ್ಕಿನದು, ಹಿಡಿ ಇದೆ, ಮುಚ್ಚಳ ಬಿಗಿ. ಬಿಸಾಡಲು ಯಾರಿಗೂ ಮನಸ್ಸು ಬರುವುದಿಲ್ಲ. ಬೂದಿ, ಹುಣಸೆಹುಳಿ, ಬಿಸಿನೀರು ಹಾಕಿ ಕುಲುಕಿ ತೊಳೆದು, ಮೂರು ದಿನ ಬಾಯಿ ತೆಗೆದು ಬಿಸಿಲಿಗಿಟ್ಟು, ಆಮೇಲೆ ದ್ಯಾವಯ್ಯನ ಜಗಲಿಗೆ ತರುತ್ತಿದ್ದರು. ಅವನು ಕಣ್ಣು ಮುಚ್ಚಿ ಒಮ್ಮೆ ಮೂಸುತ್ತಿದ್ದ. ತೀರ್ಪು ಎರಡೇ. ‘ನೀರ್ಗಾಯ್ತದೆ’ ಅಂದರೆ ಅದು ಹೊಲಕ್ಕೆ ಕುಡಿಯುವ ನೀರೋ ಮಜ್ಜಿಗೆಯೋ ಹೊರುವ ಕ್ಯಾನು. ‘ಡೀಸಲ್‌ಗಿಟ್ಕೊ’ ಅಂದರೆ ಟಿಲ್ಲರಿನ ಪಕ್ಕಕ್ಕೆ. ಕ್ಯಾನಿನ ಹಿಡಿ ಒಳಗೆ ಟೊಳ್ಳು, ಎಷ್ಟು ಕುಲುಕಿದರೂ ಔಷಧಿ ಅಲ್ಲೊಂದಿಷ್ಟು ಕೂತಿರುತ್ತದೆ ಎಂದು ಊರಿಗೆ ತೋರಿಸಿಕೊಟ್ಟವನೂ ಅವನೇ. ಅವನ ಮೂಗು ಒಂದು ಸಲವೂ ತಪ್ಪಿದ್ದಿಲ್ಲ ಎಂದು ಊರು ಹೇಳುತ್ತದೆ. ತಪ್ಪಿದ್ದರೆ ಗೊತ್ತಾಗುತ್ತಿದ್ದುದಾದರೂ ಹೇಗೆ? ಹೊಟ್ಟೆನೋವು, ತಲೆಸುತ್ತು ಯಾರ ಮನೆಯಲ್ಲಿ ಇರಲಿಲ್ಲ?

ಆ ಮೂಗು ಹೋಯಿತು. ಒಂದೇ ದಿನಕ್ಕೆ ಹೋಗಲಿಲ್ಲ. ಎರಡೂವರೆ ವರ್ಷದ ಹಿಂದೆ ಅವರೆಕಾಯಿ ಕಾಲದಲ್ಲಿ ಮಾದಮ್ಮ ಸಾರು ಬಡಿಸಿದಾಗ, ಈ ವರ್ಷ ಅವರೆಗೆ ಸೊಗಡೇ ಇಲ್ಲ ಅಂದ. ಮಂಜು ಸರಿಯಾಗಿ ಬಿದ್ದಿಲ್ಲ ಎಂದು ಕಾರಣವನ್ನೂ ತಾನೇ ಕೊಟ್ಟ. ಆಮೇಲೆ ಬೀಡಿ ಸಪ್ಪೆಯಾಯಿತು. ಕೊನೆಗೆ ಔಷಧಿಯೂ ಸಪ್ಪೆಯಾದಾಗ, ಈಗಿನ ಮಾಲಿಗೆ ಮೊದಲಿನ ಘಾಟಿಲ್ಲ, ಎಲ್ಲ ನೀರು ಎಂದು ಜಗಲಿಯ ಮೇಲೆ ಕೂತು ಬೈದ. ಸುತ್ತ ಕೂತವರು ಹೌದು ಹೌದು ಎಂದು ತಲೆಯಾಡಿಸಿದರು. ತಮಗೂ ಹಾಗೇ ಅನ್ನಿಸಿತ್ತು ಎಂದು ಇಬ್ಬರು ಸೇರಿಸಿದರು.

ಒಂದು ಸಂಜೆ ಮಾದಮ್ಮ ಹಿತ್ತಲಿನಿಂದ ಓಡಿಬಂದು ಒಲೆಯ ಮೇಲಿನ ಪಾತ್ರೆ ಇಳಿಸಿದಳು. ಸಾರು ಬತ್ತಿ ತಳ ಹತ್ತಿತ್ತು, ಸೀದ ವಾಸನೆ ಬೀದಿಯವರೆಗೆ ಹೋಗಿತ್ತು. ದ್ಯಾವಯ್ಯ ಒಲೆಯ ಪಕ್ಕದಲ್ಲೇ ಕೂತು ಕಾಲು ನೀವಿಕೊಳ್ಳುತ್ತಿದ್ದ. ಅವಳು ಅವನ ಮುಖ ನೋಡಿದಳು, ಪಾತ್ರೆಯನ್ನು ತಿಕ್ಕಲು ಹಿತ್ತಲಿಗೆ ಒಯ್ದಳು. ತನಗೆ ಏನಾಗಿದೆ ಎಂದು ಅವನಿಗೆ ಖಚಿತವಾದದ್ದು ಅವತ್ತು.

ಆಗಲೇ ಹೇಳಿಬಿಡಬಹುದಿತ್ತು. ಆದರೆ ಅಷ್ಟು ಹೊತ್ತಿಗೆ ಅವನ ಹತ್ತಿರ ಉಳಿದಿದ್ದುದೇನು? ಬಲಗೈ ನಡುಗುತ್ತಿತ್ತು, ಕಾಫಿ ಲೋಟ ಎರಡೂ ಕೈಯಲ್ಲಿ ಹಿಡಿಯಬೇಕಾಗಿತ್ತು. ಕಣ್ಣಿನಲ್ಲಿ ಸದಾ ನೀರು. ನಾಲ್ಕು ಹೆಜ್ಜೆ ಹಾಕಿದರೆ ಕಾಲು ಸೋಲುತ್ತಿತ್ತು. ಟ್ಯಾಂಕು ಹೊರುವುದನ್ನು ಬಿಟ್ಟಾಗಿತ್ತು, ಕೂಲಿಗೆ ಕರೆಯುವವರಿರಲಿಲ್ಲ. ಆದರೂ ಜನ ಜಗಲಿಗೆ ಬರುತ್ತಿದ್ದರು, ಕಾರು ಬೇವಿನ ಮರದ ಹತ್ತಿರ ನಿಲ್ಲುತ್ತಿತ್ತು. ಅದೂ ಹೋದರೆ ತಾನು ಮೂಲೆಯಲ್ಲಿ ಕೂತ ಮುದುಕ, ಅಷ್ಟೇ. ಅವನಿಗೆ ಅದು ಬೇಡವಾಗಿತ್ತು.

ಹಾಗಾಗಿ ಮೂಸುತ್ತಲೇ ಹೋದ. ಮೊದಮೊದಲು ಹೆದರಿ, ಬಂದ ಕ್ಯಾನನ್ನೆಲ್ಲ ಡೀಸಲ್‌ಗೆ ಅನ್ನುತ್ತಿದ್ದ. ಇದೇನು, ಇಷ್ಟೊಂದು ಡೀಸಲ್ಲು ಇಡಲು ನಾವೇನು ಬಂಕ್ ಇಟ್ಟಿದ್ದೀವಾ ಎಂದು ಜನ ಗೊಣಗಿದರು. ಆಮೇಲೆ ಎಷ್ಟು ದಿನ ಒಣಗಿಸಿದಿರಿ, ಎಷ್ಟು ಸಲ ತೊಳೆದಿರಿ ಎಂದು ವಿಚಾರಿಸಿ, ಮುಖ ನೋಡಿ ತೀರ್ಪು ಕೊಡತೊಡಗಿದ. ಏನೂ ಆಗಲಿಲ್ಲ. ಒಂದು ವರ್ಷ ಏನೂ ಆಗದಿದ್ದ ಮೇಲೆ ಭಯವೂ ಹೋಯಿತು.

ಈ ಸಲ ಜುಲೈ ಮಳೆ ಬಿಡದೆ ಹಿಡಿಯಿತು. ಮೇಷ್ಟ್ರ ಹೊಲದಿಂದ ಒಂದು ಖಾಲಿ ಕ್ಯಾನು ಮಾದಮ್ಮನಿಗೇ ಸಿಕ್ಕಿತು. ತೊಳೆದಳು, ಆದರೆ ಬಿಸಿಲೆಲ್ಲಿ? ಒಲೆಯ ಹತ್ತಿರ ಒಂದು ದಿನ ಬೋರಲು ಹಾಕಿ ತಂದು ಕೊಟ್ಟಳು. ಜಗಲಿಯ ಮೇಲೆ ನಾಲ್ಕು ಜನ ಇದ್ದರು. ಅವನು ಎಂದಿನಂತೆ ಕಣ್ಣು ಮುಚ್ಚಿದ, ಮೂಸಿದ, ನೀರ್ಗಾಯ್ತದೆ ಅಂದ.

ಆ ಕ್ಯಾನಿನಲ್ಲಿ ನೀರು ಒಯ್ದ ಎರಡನೇ ದಿನ ಹೊಗೆಸೊಪ್ಪಿನ ಕುಡಿ ಮುರಿಯುವ ಕೆಲಸದ ನಡುವೆ ಮಾದಮ್ಮ ಹೊಲದಲ್ಲಿ ಬಿದ್ದಳು. ಮೈಯೆಲ್ಲ ಬೆವರು, ನಿಲ್ಲದ ವಾಂತಿ, ಬಾಯಿಂದ ಜೊಲ್ಲು. ಕಣ್ಣು ಕಾಣಿಸುತ್ತಿಲ್ಲ ಎಂದು ತಡವರಿಸುತ್ತಿದ್ದಳು. ಮಗ ಅರುಣ್‌ಕುಮಾರ್ ತನ್ನ ಗೂಡ್ಸ್ ಆಟೋದಲ್ಲೇ ಅರಕಲಗೂಡಿಗೆ ಒಯ್ದ. ಅಲ್ಲಿಂದ ಆಂಬುಲೆನ್ಸಿನಲ್ಲಿ ಹಾಸನದ ದೊಡ್ಡಾಸ್ಪತ್ರೆಗೆ. ಮೂರು ದಿನ ಐಸಿಯು ಬಾಗಿಲಿನಾಚೆ ದ್ಯಾವಯ್ಯ ಗೋಡೆಗೆ ಒರಗಿ ಕೂತ. ದೇವರಿಗೆ ಹರಕೆ ಹೊರಲೂ ಅವನಿಗೆ ಧೈರ್ಯ ಬರಲಿಲ್ಲ, ಏನೆಂದು ಕೇಳಿಕೊಳ್ಳುವುದು?

ಬದುಕಿದಳು. ವಾರ್ಡಿಗೆ ತಂದ ದಿನ ನಿಸರ್ಗ ಎಂಬ ಎಳೆ ವಯಸ್ಸಿನ ಡಾಕ್ಟರು ಬಂದು, ಹೊಟ್ಟೆಗೆ ಔಷಧಿ ಹೋದದ್ದು ಹೇಗೆ ಎಂದು ಕೇಳಿದಳು. ಕ್ಯಾನಿನ ಸಂಗತಿ ಅರುಣ್‌ಕುಮಾರ್ ಹೇಳಿದ. ಹಾಗೆಲ್ಲ ಸುಮ್ಮನೆ ಬಳಸುವುದಿಲ್ಲ, ನಮ್ಮಪ್ಪ ಮೂಸಿ ನೋಡಿಯೇ ಕೊಟ್ಟದ್ದು ಎಂದು ಹೆಮ್ಮೆಯಿಂದಲೇ ಸೇರಿಸಿದ. ಡಾಕ್ಟರು ದ್ಯಾವಯ್ಯನ ನಡುಗುವ ಕೈ ನೋಡಿದಳು. ಒಂದು ಹತ್ತಿಯನ್ನು ಬಾಟಲಿಯಲ್ಲಿ ಅದ್ದಿ ಮೂಗಿನ ಹತ್ತಿರ ಹಿಡಿದು, ಇದೇನು ಅಂದಳು. ಸ್ಪಿರಿಟ್ಟು ಎಂದ ದ್ಯಾವಯ್ಯ, ಬಾಟಲಿ ಕಾಣುತ್ತಿತ್ತಲ್ಲ. ಕಣ್ಣು ಮುಚ್ಚಿ ಅಂದಳು. ಮುಚ್ಚಿದ. ಮಂಚದ ಮೇಲಿದ್ದ ಕಿತ್ತಳೆ ಹಣ್ಣಿನ ಸಿಪ್ಪೆಯನ್ನು ಉಗುರಿನಿಂದ ಗೀರಿ ಮೂಗಿಗೇ ತಾಗಿಸಿದಳು.

“ಇದೂ ಸ್ಪಿರಿಟ್ಟೇಯ,” ಎಂದ ದ್ಯಾವಯ್ಯ.

ಕಣ್ಣು ಬಿಟ್ಟಾಗ ಮಗ ಅವನನ್ನೇ ನೋಡುತ್ತಿದ್ದ. ಮೂವತ್ತು ವರ್ಷದ ಮಗ ಹಾಗೆ ಯಾವತ್ತೂ ನೋಡಿರಲಿಲ್ಲ.

ಡಾಕ್ಟರು ಬೈಯಲಿಲ್ಲ. ಎಷ್ಟು ದಿನದಿಂದ ಹೀಗೆ ಎಂದು ಕೇಳಿಕೊಂಡು, ನಲವತ್ತು ವರ್ಷ ಅದೇ ಗಾಳಿ ಎಳೆದುಕೊಂಡಿದ್ದೀರಿ, ಮೂಗಿನ ನರಕ್ಕೆ ಏಟು ಬಿದ್ದಿರಬಹುದು, ಕೈ ನಡುಗುವುದನ್ನೂ ನರದ ಡಾಕ್ಟರಿಗೆ ತೋರಿಸಬೇಕು, ವಾಸನೆ ವಾಪಸ್ ಬರುತ್ತದೆ ಎಂದು ಮಾತ್ರ ನಾನು ಹೇಳಲಾರೆ ಎಂದು ನಿಧಾನವಾಗಿ ತಿಳಿಸಿ ಹೋದಳು. ಅವಳು ಹೋದ ಮೇಲೆ ಮಾದಮ್ಮ ದಿಂಬಿನ ಮೇಲೆ ತಲೆ ಹೊರಳಿಸಿದಳು. ಗಂಟಲಿಗೆ ನಳಿಕೆ ಹಾಕಿ ತೆಗೆದಿದ್ದರಿಂದ ದನಿ ಒಡೆದಿತ್ತು.

“ನಂಗೆ ವಾಸ್ನೆ ಬತ್ತಿತ್ತು ಕಣ,” ಅಂದಳು.

“ಬತ್ತಿದ್ರೆ ಯಾಕ್ ಕುಡುದೆ ಮತ್ತೆ?”

“ನಾಕ್ ಜನದ್ ಮುಂದೆ ನೀರ್ಗಾಯ್ತದೆ ಅಂದ್ಯಲ್ಲ. ಸಾರು ಸೀದ್ರೆ ಗೊತ್ತಾಗ್ದಿದ್ರೂ ಔಸ್ದಿ ಗೊತ್ತಾಯ್ತದೇನೋ ಅನ್ಕಂಡೆ. ನಿನ್ ಮೂಗ್ಗಿಂತ ನನ್ ಮೂಗು ದೊಡ್ಡದಾ?”

ಅವಳು ಅದನ್ನು ಚುಚ್ಚಿ ಹೇಳಲಿಲ್ಲ, ದಣಿದು ಹೇಳಿದಳು. ಚುಚ್ಚಿದ್ದರೆ ದ್ಯಾವಯ್ಯನಿಗೆ ಸುಲಭವಾಗುತ್ತಿತ್ತು. ಹೆಂಡತಿಯೇ ಅವಳ ಮೂಗು ನಂಬದೆ ತನ್ನ ಮಾತು ನಂಬಿ ಕುಡಿದಿದ್ದಾಳೆ ಎಂದರೆ ಊರಿನವರ ಗತಿ ಏನು ಎಂದು ಯೋಚಿಸಿದ. ಅವತ್ತು ಊರಿಗೆ ಮರಳುವ ಬಸ್ಸಿನಲ್ಲಿ ಬೆರಳು ಮಡಿಚುತ್ತ ಕೂತ. ಎರಡೂವರೆ ವರ್ಷದಲ್ಲಿ ನೀರಿಗೆ ಎಂದು ಕೊಟ್ಟದ್ದು ಹತ್ತೊಂಬತ್ತು ಕ್ಯಾನು, ಹತ್ತೊಂಬತ್ತು ಮನೆ. ಯಾರ ಮನೆಯ ಕ್ಯಾನಿನ ಹಿಡಿಯಲ್ಲಿ ಏನು ಕೂತಿದೆಯೋ.

ಮಗನದು ಬೇರೆ ಯೋಚನೆ. “ಯಾರ್ಗೂ ಏಳಾಕ್ ಓಗ್ಬ್ಯಾಡ ಕಣಪ್ಪ,” ಎಂದ. “ಇನ್ಮ್ಯಾಲೆ ಮೂಸ್ಬ್ಯಾಡ, ಮುಗೀತು. ಇಷ್ಟ್ ವರ್ಸದ್ ಹೆಸ್ರು ಯಾಕ್ ಕಳ್ಕತೀಯ?” ಅಪ್ಪನ ಮೇಲಿನ ಪ್ರೀತಿಗೇ ಹೇಳಿದ್ದು ಅದು. ಊರು ಮುಟ್ಟಿದ ದ್ಯಾವಯ್ಯ ಮೊದಲು ಮೇಷ್ಟ್ರಿಗೆ ಫೋನು ಮಾಡಿ, ಸಾ, ನಂಗೆ ಎರಡೂವರೆ ವರ್ಷದಿಂದ ಏನೂ ವಾಸನೆ ಬರಲ್ಲ ಎಂದು ಹೇಳಿಬಿಟ್ಟ. ಮೇಷ್ಟ್ರು, ಮಾದಮ್ಮ ಈಗ ಹೇಗಿದ್ದಾಳೆ ಎಂದು ಕೇಳಿ, ಜೋಪಾನ ಎಂದು ಇಟ್ಟರು. ಅಲ್ಲಿಗೆ ಕಾರಿನ ಸೀಟು ಹೋಯಿತು ಎಂದು ಅವನಿಗೆ ಅರ್ಥವಾಯಿತು.

ಮರುದಿನ ಬೆಳಿಗ್ಗೆ ಒಂದು ಹಗ್ಗ ಹಿಡಿದು ಕ್ಯಾನು ಕೇಳಲು ಹೊರಟ. ನಾಚಿಕೆ ನುಂಗಿಕೊಂಡು ಹೇಳುವುದೇ ಕಷ್ಟ ಎಂದುಕೊಂಡಿದ್ದ. ಹೇಳುವುದು ಸುಲಭವಾಗಿತ್ತು, ಯಾರೂ ನಂಬಲಿಲ್ಲ. ಗೌರೀಶಂಕರ ತನ್ನ ಕ್ಯಾನು ತಂದು, ಯಾವುದಕ್ಕೂ ಒಂದು ಸಲ ಮೂಸಿ ನೋಡು ಎಂದ. ಮೂಗೇ ಇಲ್ಲ ಕಣಪ್ಪ, ನೀನೇ ಮೂಸು ಎಂದರೆ, ನಂಗೇನು ತಿಳಿಯುತ್ತದೆ ಎಂದು ಕ್ಯಾನನ್ನು ಒಳಗಿಟ್ಟುಕೊಂಡ. ಹೆಂಡತಿಗೆ ಹೀಗಾದದ್ದರಿಂದ ಪಾಪ ತಲೆ ಕೆಟ್ಟಿದೆ ಎಂದು ಒಂದು ಮನೆಯವರು ಕಾಫಿ ಕೊಟ್ಟು ಕಳಿಸಿದರು. ಇಷ್ಟೊಂದು ಕ್ಯಾನು ಗುಜರಿಗೆ ಹಾಕುತ್ತಾನೇನೋ ಎಂದು ಇನ್ನೊಂದು ಮನೆಯಲ್ಲಿ ಬೆನ್ನ ಹಿಂದೆ ನಕ್ಕರು. ಕೊಟ್ಟವರು ಅವನ ಮಾತಿಗೆ ಬೆಲೆ ಕೊಟ್ಟು ಕೊಡಲಿಲ್ಲ, ಕ್ಯಾನು ಹಳೆಯದಾಗಿತ್ತು ಎಂದು ಕೊಟ್ಟರು. ಮೂಸಿದ ಸುಳ್ಳನ್ನು ಎರಡೂವರೆ ವರ್ಷ ನಂಬಿದವರು ನಿಜವನ್ನು ಎರಡು ನಿಮಿಷ ನಂಬಲಿಲ್ಲ. ಮಧ್ಯಾಹ್ನದ ಹೊತ್ತಿಗೆ ಹಗ್ಗದಲ್ಲಿ ಏಳು ಕ್ಯಾನು ತೂಗುತ್ತಿದ್ದವು.

ಕೊನೆಗೆ ಉಳಿದದ್ದು ಪಾರ್ವತಮ್ಮನ ಮನೆ. ಮಾದಮ್ಮನಿಗೆ ದೊಡ್ಡಪ್ಪನ ಮಗಳು, ದ್ಯಾವಯ್ಯನಿಗೆ ನಾದಿನಿ. ಜಗಲಿಯ ಮೇಲೆ ಕುಸಿದು, ಒಂದಿಷ್ಟು ನೀರು ಕೊಡವ್ವ ಎಂದ. ಅವಳು ಒಳಗಿನಿಂದ ಚೊಂಬಿನಲ್ಲಿ ತಂದು ಕೊಟ್ಟಳು. ಬೆಳಗಿನಿಂದ ಬಾಯಿ ಒಣಗಿದ್ದವನು ಎತ್ತಿದ ಚೊಂಬನ್ನು ಇಳಿಸದೆ ಕುಡಿದ. ಆಮೇಲೆ ಬಂದ ವಿಷಯ ಹೇಳಿ ಕ್ಯಾನು ಕೇಳಿದ. ಆ ನೀರು ಅದರಲ್ಲೇ ಇದ್ದದ್ದು, ಹೊಲಕ್ಕೆ ಒಯ್ಯಲು ತುಂಬಿಸಿಟ್ಟಿದ್ದೆ ಎಂದಳು ಪಾರ್ವತಮ್ಮ.

ದ್ಯಾವಯ್ಯ ಚೊಂಬಿನ ತಳ ನೋಡಿದ. ನೀರು ನೀರಿನ ಹಾಗೇ ಇತ್ತು. “ವಾಸ್ನೆ ಬತ್ತದಾ ಅದ್ರಲ್ಲಿ?” ಎಂದು ಕೇಳಿದ.

“ತಂದಾಗ್ಲೇ ಒಸಿ ಬತ್ತಿತ್ತು. ನಮ್ಮಕ್ಕಂಗೆ ಇಂಗಾದ್ಮ್ಯಾಲೆ ಬಿಸಾಕ್ಬುಡನ ಅನ್ಕಂಡೂ ಇದ್ದೆ. ಈಗ ನೀವೇ ಕುಡುದ್ರಲ್ಲ ಬಾವ, ಇನ್ಯಾಕ್ ಭಯ? ನಂಗೇ ಇರ್ಲಿ ಬುಡಿ,” ಎಂದು ಅವಳು ಸಮಾಧಾನವಾಗಿ ಹೇಳಿದಳು.

ಬೆಳಗಿನಿಂದ ಆಡಿದ ಮಾತೆಲ್ಲ ಒಂದು ಚೊಂಬು ನೀರಿನಲ್ಲಿ ಕೊಚ್ಚಿಹೋಯಿತು. ದ್ಯಾವಯ್ಯ ಕ್ಯಾನನ್ನೂ ಮಚ್ಚನ್ನೂ ತಾ ಎಂದ. ಬಾವ ಕೇಳಿದ್ದಕ್ಕೆ ಇಲ್ಲವೆನ್ನಲಾರದೆ ತಂದು ಕೊಟ್ಟಳು. ಅವನು ನೀರು ಚೆಲ್ಲಿ ಕ್ಯಾನನ್ನು ಮೆಟ್ಟಿಲಿನ ಮೇಲೆ ಅಡ್ಡ ಇಟ್ಟು ಮಚ್ಚು ಬೀಸಿದ. ಕೈ ನಡುಗಿ ಮೊದಲಿನ ಎರಡು ಏಟು ಕಲ್ಲಿಗೆ ಬಿದ್ದವು. ಮೂರನೆಯದು ಹಿಡಿಗೆ ಬಿತ್ತು, ಹಿಡಿ ಸೀಳಿತು.

ಪಾರ್ವತಮ್ಮ ಬಗ್ಗಿ ನೋಡಿದಳು. ಸೀಳಿನ ಒಳಗೆ ಹಳದಿ ಅಂಟು ಗೀಟಾಗಿ ಕೂತಿತ್ತು. ಹತ್ತಿರ ಹೋದವಳು ಸೆರಗಿನಿಂದ ಮೂಗು ಮುಚ್ಚಿಕೊಂಡು ಹಿಂದಕ್ಕೆ ಸರಿದಳು. ಏನು ಕಂಡಿತು, ಏನು ವಾಸನೆ ಬಂತು ಎಂದು ದ್ಯಾವಯ್ಯ ಕೇಳಲಿಲ್ಲ. ಅವಳ ಮುಖ ನೋಡಿದ.

“ಕುಡುದ್ಬುಟ್ರಲ್ಲ ಬಾವ,” ಎಂದಳು ಪಾರ್ವತಮ್ಮ. ಅರುಣ್‌ಕುಮಾರ್‌ಗೆ ಫೋನು ಮಾಡಲು ಒಳಗೆ ಓಡಿದಳು. ಹತ್ತೊಂಬತ್ತು ಮನೆಗಳಲ್ಲಿ ಅವನ ಮಾತನ್ನು ನಂಬಿದವಳು ಅವಳೊಬ್ಬಳೇ.