ಗುರುಪಾದಯ್ಯನ ಲಾರಿಯೂ ರುದ್ರವ್ವನ ಕಾಲ್ಗುಣವೂ

ತಿಕೋಟಾದ ಗುರುಪಾದಯ್ಯನಿಗೆ ಗೊತ್ತಿಲ್ಲದ ವಿಷಯ ಭೂಮಿಯ ಮೇಲೆ ಒಂದೂ ಇರಲಿಲ್ಲ. ಎತ್ತಿನ ಹೊಟ್ಟೆಯುಬ್ಬರದಿಂದ ಹಿಡಿದು ಜರ್ಮನಿ ಸೋತದ್ದೇಕೆ ಎಂಬುದರವರೆಗೆ ಎಲ್ಲಕ್ಕೂ ಅವನ ಹತ್ತಿರ ಉತ್ತರವಿತ್ತು. ಉತ್ತರ ತಪ್ಪಿದರೆ ತಪ್ಪು ಎತ್ತಿನದು, ಇಲ್ಲವೇ ಜರ್ಮನಿಯದು. ಬಬಲೇಶ್ವರದಿಂದ ಬಂದು ಅವನ ಮನೆ ತುಂಬಿದಾಗ ಹೆಂಡತಿ ರುದ್ರವ್ವ ಇದನ್ನು ಜಾಣತನವೆಂದುಕೊಂಡಿದ್ದಳು. ಚೊಚ್ಚಲ ಮಗಳು ಹುಟ್ಟುವ ಹೊತ್ತಿಗೆ ಅದು ಬರೀ ಗಂಟಲಿನ ಬಲವೆಂದು ಅವಳಿಗೆ ತಿಳಿದಿತ್ತು.

ಯುದ್ಧ ಮುಗಿದ ಮೇಲೆ ಪುಣೆಯಲ್ಲಿ ಮಿಲಿಟರಿಯವರು ಹಳೆಯ ಲಾರಿಗಳನ್ನು ಲಿಲಾವಿಗೆ ಹಾಕಿದರು. ಗುರುಪಾದಯ್ಯ ಸವಾಲು ಕೂಗಿ ಒಂದನ್ನು ಹಿಡಿದು ತಂದ. ತಂದ ವಾರದಲ್ಲೇ ಎಂಜಿನ್ನಿಗೆ ಗಾಳಿ ಸೋಸಿ ಕೊಡುವ ಡಬ್ಬಿಯನ್ನು ಬಿಚ್ಚಿ ಒಗೆದ. "ಬಾಯಿ ಕಟ್ಟಿದ ಎತ್ತು ಬಂಡಿ ಎಳೀತೈತೇನ್ರಿ? ಇಂಗ್ಲಿಷರಿಗೆ ಅಷ್ಟೂ ತಿಳೀಲಿಲ್ಲ ನೋಡ್ರಿ," ಎಂದು ಕಟ್ಟೆಯ ಮೇಲೆ ಕುಳಿತವರಿಗೆ ಹೇಳಿದ. ಆ ಡಬ್ಬಿಯಲ್ಲಿ ನೆರೆಮನೆಯ ಬೋರವ್ವ ಕೋಳಿಗಳಿಗೆ ನೀರಿಟ್ಟಳು.

ಲಾರಿ ಓಡುವಾಗ ಹುಲಿ, ನಿಂತಲ್ಲಿ ಸತ್ತ ಇಲಿ. ಕಾಲು ಸಡಿಲಿಸಿದರೆ ಎಂಜಿನ್ ಸಣ್ಣಗೆ ಗುರುಗುಟ್ಟುತ್ತ ನಿಲ್ಲಬೇಕಷ್ಟೆ? ಇದು ಕೆಮ್ಮಿ, ಕರಿ ಹೊಗೆ ಕಾರಿ ತಣ್ಣಗಾಗುತ್ತಿತ್ತು. ಆಮೇಲೆ ಹ್ಯಾಂಡಲ್ ತಿರುವಲು ಊರ ಗಂಡಸರೆಲ್ಲ ಬರಬೇಕು. ವಿಜಾಪುರದ ಮಿಸ್ತ್ರಿ ಗೈಬುಸಾಬ ಪ್ಲಗ್ ಒರೆಸಿದ, ಪೆಟ್ರೋಲ್ ಸೋಸಿದ, ಪೆಟ್ರೋಲಿಗೆ ಗಾಳಿ ಬೆರೆಸುವ ಕಾರ್ಬೊರೇಟರ್ ಬಿಚ್ಚಿ ತೊಳೆದ. ತೊಳೆದ ಮೇಲೆ ನಾಲ್ಕು ದಿನ ಸುಖ, ಮತ್ತೆ ಅದೇ ಕೆಮ್ಮು.

"ನಿಮ್ಮ ಕಡೆ ಧೂಳ ಬಾಳ ಅಯ್ಯನೋರ, ನಾ ಏನ್ ಮಾಡ್ಲಿ?" ಎಂದ ಗೈಬುಸಾಬ.

ಅದೇ ಧೂಳಿನಲ್ಲಿ ಓಡುವ ಅಥಣಿ ಬಸ್ಸು ಯಾಕೆ ಕೆಮ್ಮುವುದಿಲ್ಲವೆಂದು ಅವನೂ ಯೋಚಿಸಲಿಲ್ಲ, ಇವನೂ ಕೇಳಲಿಲ್ಲ. ಇಬ್ಬರೂ ತಿಳಿದವರು.

ಕೊನೆಗೆ ರೋಗದ ಮೂಲವನ್ನು ಗುರುಪಾದಯ್ಯನೇ ಕಂಡುಹಿಡಿದ. ಒಂದು ಸೋಮವಾರ ರುದ್ರವ್ವ ಕೂಸನ್ನೆತ್ತಿಕೊಂಡು ಲಾರಿಯಲ್ಲಿ ಕುಳಿತಿದ್ದಳು. ಊರ ಅಗಸಿ ಬಾಗಿಲ ಮುಂದೆ ಅದು ಸತ್ತಿತ್ತು. ಇನ್ನೇನು ಸಾಕ್ಷಿ ಬೇಕು?

"ನಿನ್ನ ಕಾಲ್ಗುಣ ನೆಟ್ಟಗಿಲ್ಲ," ಎಂದ. "ಲಾರಿ ಸುಧಾರಿಸೂಮಟ ತವರಮನ್ಯಾಗ ಇರು ಹೋಗು."

"ಸುಧಾರಿಸಲಿಲ್ಲಂದ್ರ?"

"ಅಲ್ಲೇ ಇರು."

ಹಾಲು ಕುಡಿಯುವ ಕೂಸಿನೊಂದಿಗೆ ಪೆಟ್ಟಿಗೆ ಹೊತ್ತು ತವರಿಗೆ ಇಳಿದವಳಿಗೆ ಜನ ಇಡುವ ಹೆಸರು ಒಂದೇ, ಗಂಡ ಬಿಟ್ಟವಳು. ರುದ್ರವ್ವನ ಬೆನ್ನಿಗೆ ಮದುವೆಯ ವಯಸ್ಸಿಗೆ ಬಂದ ತಂಗಿಯರಿಬ್ಬರು. ಒಂದು ಕಬ್ಬಿಣದ ಬಂಡಿ ಕೆಮ್ಮಿದ್ದಕ್ಕೆ ಮೂವರು ಹೆಣ್ಣುಮಕ್ಕಳ ಬಾಳು ಮುಗ್ಗರಿಸಬೇಕೇ?

ಹೊರಡುವ ದಿನವೂ ಸೋಮವಾರವೇ ಬಂತು. ಗೈಬುಸಾಬ ಮುಂಜಾನೆಯ ಬಸ್ಸಿಗೆ ಬಂದು ಕಾರ್ಬೊರೇಟರ್ ತೊಳೆದು ಕೂಡಿಸಿದ್ದ. ಶೇಂಗಾ ಚೀಲಗಳ ಮೇಲೆ ರುದ್ರವ್ವನ ಪೆಟ್ಟಿಗೆ ಏರಿತ್ತು. ಹ್ಯಾಂಡಲ್ ತಿರುವಿದ ಗಂಡಸರು ಸುತ್ತ ನಿಂತಿದ್ದರು, ಎಂಜಿನ್ ಹದವಾಗಿ ಗುರುಗುಟ್ಟುತ್ತಿತ್ತು. ಜಳಕ ಮಾಡಿ, ಲಿಂಗಪೂಜೆ ಮುಗಿಸಿ ಗುರುಪಾದಯ್ಯ ವಿಭೂತಿಯ ಚೀಲ ಹಿಡಿದು ಹೊರಗೆ ಬಂದ. ದಾರಿಗೆ ಒಳ್ಳೆಯದಾಗಲೆಂದು ಕೂಸಿನ ನಾಲಿಗೆಯ ಮೇಲೆ ಒಂದು ಚಿಟಿಕೆ ಉದುರಿಸಿದ. ಕೂಸು ಮೂಗು ಕೆಂಪಗೆ ಮಾಡಿಕೊಂಡು ಸೀನಿತು, ಉಸಿರು ಸಿಕ್ಕಿ ಕೆಮ್ಮಿತು. ರುದ್ರವ್ವ ಸೆರಗಿನ ತುದಿಯಿಂದ ಅದರ ನಾಲಿಗೆ ಒರೆಸಿ ಬೆನ್ನು ಸವರಿದಳು.

ಗುರುಪಾದಯ್ಯ ಲಾರಿಯತ್ತ ಹೋದ. ಅದರ ದೀಪಗಳಿಗೆ ವಿಭೂತಿಯ ಮೂರು ಮೂರು ಗೆರೆ ಎಳೆದ. ಆಮೇಲೆ ತೆರೆದ ಬಾನೆಟ್ಟಿನೊಳಗೆ ಕೈ ಹಾಕಿ, ಡಬ್ಬಿ ಕಳೆದುಕೊಂಡು ಗಾಳಿ ಎಳೆಯುತ್ತಿದ್ದ ಕಾರ್ಬೊರೇಟರಿನ ಬೋಳು ಬಾಯಿಗೆ ಒಂದು ಹಿಡಿ ವಿಭೂತಿ ಸುರಿದ. "ಇದೂ ಜೀವಾನ. ಪ್ರಸಾದ ಗಂಟಲಿಗೆ ಇಳೀಬೇಕು," ಎಂದ. ಎಂಜಿನ್ ಅದನ್ನು ಸೊರ್ರನೆ ಎಳೆದುಕೊಂಡಿತು.

ಪ್ರತಿ ಸೋಮವಾರ ಹೊರಗೆ ಲಾರಿಗೆ ಅವನ ಈ ಪೂಜೆ ನಡೆಯುವಾಗ ರುದ್ರವ್ವ ಒಲೆಯ ಮುಂದೆ ರೊಟ್ಟಿ ಬಡಿಯುತ್ತಿರುತ್ತಿದ್ದಳು. ಇವತ್ತೇ ಮೊದಲು ಕಂಡದ್ದು. ಅವಳು ಕೂಸಿನೊಂದಿಗೆ ಲಾರಿ ಹತ್ತಿದಳು. ಗಂಡ ಹತ್ತಿ, ಆಕ್ಸಿಲರೇಟರ್ ಒತ್ತಿ ಕಾಲು ತೆಗೆದ. ಖೊಕ್, ಖೊಕ್. ಕರಿ ಹೊಗೆ. ಮುಗಿಯಿತು.

"ನೋಡ್ರೆಪಾ!" ಗುರುಪಾದಯ್ಯನ ಮುಖ ಅರಳಿತು; ಲಾರಿ ಸತ್ತದ್ದಕ್ಕೆ ಅಷ್ಟು ಹಿಗ್ಗಿದ ಮಾಲಕ ಆ ಸೀಮೆಯಲ್ಲಿ ಬೇರೆ ಇರಲಿಕ್ಕಿಲ್ಲ. "ಆಕಿ ಕುಂತ್ಲು, ಅದು ಸತ್ತಿತು!"

ರುದ್ರವ್ವ ಇಳಿದು ಬೋರವ್ವನ ಕಟ್ಟೆಯ ಹತ್ತಿರ ಹೋಗಿ ನಿಂತಳು. "ನಾ ಇಲ್ಲಿದೀನ್ರಿ. ಈಗ ಚಾಲೂ ಮಾಡ್ರಿ."

ಹ್ಯಾಂಡಲ್ ತಿರುವಿದರು. ಹೊತ್ತಿತು, ಕೆಮ್ಮಿತು, ಸತ್ತಿತು. ಮತ್ತೆ ತಿರುವಿದರು; ಮತ್ತೆ ಸತ್ತಿತು.

"ಅಯ್ಯನೋರ, ನಿಮ್ಮಾಕಿ ಕಾಲ್ಗುಣ ಇಲ್ಲೀಮಟ ಮುಟ್ಟತೈತೇನ್ರಿ?" ಎಂದಳು ಬೋರವ್ವ. "ಹಂಗಾರ ನನ್ನ ಕೋಳಿ ತತ್ತಿ ಇಡೂದೂ ನಿಂತೀತು!"

ಜನ ನಕ್ಕರು. ರುದ್ರವ್ವ ನಗಲಿಲ್ಲ. "ಗೈಬಣ್ಣಾ, ಅದರ ಬಾಯಿ ಬಿಚ್ಚು," ಎಂದಳು. "ನನ್ನ ಕೂಸಿಗೆ ಆದದ್ದ ಇದಕ್ಕೂ ಆಗೇತಿ."

ಗೈಬುಸಾಬ ಗೊಣಗುತ್ತಲೇ ಬಿಚ್ಚಿದ. ಆಗಷ್ಟೇ ತೊಳೆದಿದ್ದ ಬಾಯೊಳಗೆ ಬೂದಿ ಪೆಟ್ರೋಲಿನಲ್ಲಿ ಕಲಸಿ ಮೆತ್ತಿಕೊಂಡಿತ್ತು. ಎಂಜಿನ್ ನಿಧಾನ ಓಡುವಾಗ ಗಾಳಿ ಹೋಗಬೇಕಾದ ಸೂಜಿಮೊನೆಯಂಥ ತೂತು ಮುಚ್ಚಿಯೇ ಹೋಗಿತ್ತು. "ಯಾ ಅಲ್ಲಾ! ನಾ ಇದನ್ನ ರಸ್ತೇದ ಧೂಳ ಅಂತಿದ್ನೆಲ್ಲೋ!" ಎಂದು ಹಣೆ ಬಡಿದುಕೊಂಡು ತೊಳೆದ, ಊದಿದ, ಕೂಡಿಸಿದ. ರುದ್ರವ್ವ ಕೂಸಿನೊಂದಿಗೆ ಹತ್ತಿ ಕುಳಿತ ಮೇಲೆಯೇ ಹ್ಯಾಂಡಲ್ ತಿರುವಿಸಿದಳು. ಎಂಜಿನ್ ಹೊತ್ತಿತು. ಗುರುಗುರು, ಗುರುಗುರು. ಕೂಸು ಆ ಸದ್ದಿಗೆ ಕಣ್ಣು ಮುಚ್ಚತೊಡಗಿತು.

"ಈಗ ಹಾಕ್ರಿ," ಎಂದಳು ಗಂಡನಿಗೆ.

"ಏನು?"

"ಪ್ರಸಾದರಿ. ಜೀವ ಐತಲ್ಲ, ಗಂಟಲಿಗೆ ಇಳೀಲಿ. ಹಾಕ್ರಿ, ಎಲ್ಲಾರೂ ನೋಡ್ಲಿ."

ಗುರುಪಾದಯ್ಯನ ಕೈ ಚೀಲದೊಳಗೆ ಹೋಯಿತು, ಅಲ್ಲೇ ಉಳಿಯಿತು. ಎಲ್ಲ ಬಲ್ಲವನಿಗೆ ಇದೂ ಗೊತ್ತಾಗಿತ್ತು. ಚೀಲದ ಬಾಯಿ ಬಿಗಿದು ಸೊಂಟಕ್ಕೆ ಸಿಕ್ಕಿಸಿಕೊಂಡ. ಗಂಟಲು ಸರಿಮಾಡಿಕೊಂಡು ಜನರತ್ತ ತಿರುಗಿದ.

"ಈಗ ತಿಳೀತಿಲ್ಲೋ? ಆಕಿ ಕುಂತ್ಲು, ಲಾರಿ ನಿಂತಲ್ಲೇ ಓಡಾಕತ್ತೈತಿ. ಕಾಲ್ಗುಣ ತಿರುಗೇತಿ! ಇನ್ನ ದಿನಾ ಮುಂಜಾನೆ ಮೊದಲ ಇಕೀನ ಬಲಗಾಲಿಡ್ಲಿ."

ರುದ್ರವ್ವ ಅವನನ್ನು ಅಡಿಯಿಂದ ಮುಡಿಯವರೆಗೆ ನೋಡಿದಳು. ಇಂಥವನ ಮೇಲೆ ಬೈಗುಳವೂ ದಂಡ.

"ನನ್ನ ಕಾಲಿನ ಗೊಡವಿ ನಿಮಗ ಬ್ಯಾಡ್ರಿ," ಎಂದು ಇಳಿದಳು. "ಗೈಬಣ್ಣಾ, ಪೆಟಗಿ ಒಳಗ ಇಡು. ಇದು ನನ್ನ ಮನಿ. ನಾ ಎಲ್ಲಿಗೂ ಹೋಗಾಕಿ ಅಲ್ಲ."

ಗೈಬುಸಾಬ ಅಯ್ಯನ ಮುಖ ನೋಡಲಿಲ್ಲ. ಪೆಟ್ಟಿಗೆ ಇಳಿಸಿ ಪಡಸಾಲೆಯಲ್ಲಿಟ್ಟ. ರುದ್ರವ್ವ ಕೂಸನ್ನು ತೊಟ್ಟಿಲಿಗೆ ಹಾಕಿ ಒಲೆ ಹೊತ್ತಿಸಿದಳು. ರೊಟ್ಟಿ ಬೇಯುವವರೆಗೂ ಹೊರಗೆ ಎಂಜಿನ್ ಗುರುಗುಟ್ಟುತ್ತಲೇ ಇತ್ತು. ಆರಿಸಿದರೆ ಮತ್ತೆ ಹೊತ್ತೀತೋ ಇಲ್ಲವೋ ಎಂಬ ಅಂಜಿಕೆಗೆ ಗುರುಪಾದಯ್ಯ ಇಳಿಯಲೂ ಆಗದೆ, ಹೊರಡಲೂ ಆಗದೆ, ಪೆಟ್ರೋಲ್ ಸುಡುತ್ತ ಒಳಗೇ ಕುಳಿತಿದ್ದ.

"ಬೋರವ್ವಾ," ಎಂದು ರುದ್ರವ್ವ ಎರಡು ರೊಟ್ಟಿ, ಪುಂಡಿಸೊಪ್ಪಿನ ಪಲ್ಯ ಕಟ್ಟಿ ಕೊಟ್ಟಳು, "ಅವರಿಗೆ ಅಲ್ಲೇ ಕೊಟ್ಟು ಬಾ. ಹಸದಿರ್ತಾರ."